ಉಸುಕಿನ ನಡುವೆ ಆರು ಗುಪ್ಪೆ

ಯಾರಾದರೂ ದೆವ್ವ, ಪವಾಡ ಎಂದು ಮಾತು ತೆಗೆದರೆ ಎದ್ದು ಹೋಗುವ ಪೈಕಿಯವನು ನಾನು. ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿ ಕಾರಿನ ಬ್ರೇಕು ಪರೀಕ್ಷಿಸುವ ಕೆಲಸ ನನ್ನದು. ಅಳತೆಗೆ ಸಿಗದ್ದನ್ನು ನಂಬಿ ಅಭ್ಯಾಸವಿಲ್ಲ. ಹಾಗಾಗಿ ಇದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಅವ್ವ ಮೂರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದಾಗಲೆಲ್ಲ ಒಂದೇ ಆಸೆ ಹೇಳುತ್ತಿದ್ದಳು: ರಾಜಸ್ಥಾನದ ಮರಳುಗಾಡಿನ ಜಿನಮಂದಿರಗಳನ್ನು ನೋಡಬೇಕು. ಯಾವುದೋ ಕ್ಯಾಲೆಂಡರಿನಲ್ಲಿ ಚಿತ್ರ ನೋಡಿದ್ದಳು. ಅದು ಅವಳಿಗೆ ‘ಉಸುಕಿನ್ಯಾಗಿನ ಬಸದಿ’. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾನು ಮುಂದಿನ ಉರ್ಲೌಬ್‌ಗೆ ಎಂದವನು. ಆ ರಜೆ ಬಂದಾಗ ಹೆಂಡತಿ ಮಗಳೊಂದಿಗೆ ಇಟಲಿಗೆ ಹೋದೆ, ಇನ್ನೊಮ್ಮೆ ಸ್ಪೇನ್‌ಗೆ. ಅವ್ವ ಬೆಳಗಾವಿಯಲ್ಲಿ ಅಣ್ಣನ ಮನೆಯಲ್ಲಿ ತೀರಿಕೊಂಡಳು. ಹೇಳಲು ನಾಚಿಕೆಯಾಗುತ್ತದೆ, ಆಮೇಲೆ ರಜೆ ಸುಲಭವಾಗಿ ಸಿಕ್ಕಿತು.

ಜೈಸಲ್ಮೇರಿನಿಂದ ಬಹಳ ದೂರ, ಮರಳು ಬಿಟ್ಟರೆ ಏನೂ ಇಲ್ಲದ ಕಡೆಯ ಒಂದು ಹಳೆಯ ಮಂದಿರಕ್ಕೆ ಒಬ್ಬನೇ ಹೋದೆ. ಮಧ್ಯಾಹ್ನವಾಗಿತ್ತು. ಬೆಳಗಿನ ಪೂಜೆ ಮುಗಿಸಿ ಬೀಗ ಹಾಕಿದ್ದ ಪೂಜಾರಿ ನನಗಾಗಿ ಬಾಗಿಲು ತೆರೆದ. ಮೂರ್ತಿಯ ಮುಂದಿನ ಮಣೆಯ ಮೇಲೆ ಅಕ್ಕಿ ಇತ್ತು. ಅಲ್ಲಿಯವರು ಅಕ್ಕಿಯಲ್ಲಿ ಸ್ವಸ್ತಿಕ ಬಿಡಿಸುತ್ತಾರೆ. ಇದು ಹಾಗಿರಲಿಲ್ಲ. ನಮ್ಮ ಕಡೆಯವರು ಇಡುವಂತೆ ಪಂಚಪರಮೇಷ್ಠಿಗಳಿಗೆ ಐದು ಗುಪ್ಪೆ. ಗೇಣು ದೂರದಲ್ಲಿ ಆರನೆಯದೊಂದು, ಸಣ್ಣದು. ಅದರ ಮೇಲೊಂದು ಲವಂಗ.

ಆರನೆಯ ಗುಪ್ಪೆ ಯಾವ ಶಾಸ್ತ್ರದಲ್ಲೂ ಇಲ್ಲ. ಅದು ಅವ್ವನದೇ ಪದ್ಧತಿ. ಇಲ್ಲಿ ಜರ್ಮನಿಯಲ್ಲಿ, ನಮ್ಮ ಅಡುಗೆಮನೆಯ ಕಿಟಕಿಯ ಬಳಿ ಮಣೆ ಹಾಕಿಕೊಂಡು ಹೀಗೆಯೇ ಇಡುತ್ತಿದ್ದಳು. ಯಾಕೆಂದು ಒಮ್ಮೆ ಕೇಳಿದ್ದೆ.

“ನೀ ಅಂತೂ ಕೈ ಮುಗಿಯಂಗಿಲ್ಲ,” ಎಂದಿದ್ದಳು. “ನಿನ್ನ ಪಾಲಿಂದು ನಾನ ಇಡತೀನಿ.”

ಪೂಜಾರಿ ನನಗಿಂತ ಹೆಚ್ಚು ಗಾಬರಿಯಾದ. ಮಣೆ ಒರೆಸಿಯೇ ಹೋಗಿದ್ದೆ, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು ಎಂದು ಹಿಂದಿಯಲ್ಲಿ ಆಣೆ ಮಾಡಿದ. ನಾನು ಮಾಡಿದ್ದೇನು? ಕೈ ಮುಗಿಯಲಿಲ್ಲ, ಒಂದು ಗಳಿಗೆ ಕೂರಲೂ ಇಲ್ಲ. ಫೋಟೊ ತೆಗೆದುಕೊಂಡು, ಟ್ಯಾಕ್ಸಿ ಕಾಯುತ್ತಿದೆ ಎಂದು ಹೊರಟುಬಿಟ್ಟೆ.

ಮನೆಗೆ ಮರಳಿದ ಮೇಲೆ ಏನೂ ಹೇಳದೆ ಆ ಫೋಟೊವನ್ನು ಮಗಳಿಗೆ ತೋರಿಸಿದೆ. ಆಗ ಅವಳಿಗೆ ಆರು ವರ್ಷ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವವಳು. ಅಕ್ಕಿಯ ಗುಪ್ಪೆಗಳನ್ನು ಕಂಡವಳೇ “ಓಮಾ” ಎಂದಳು, ಅಜ್ಜಿ ಎಂದು. ಮತ್ತೆ ಆಟಕ್ಕೆ ಓಡಿದಳು.

ವರ್ಷಗಳಾದವು. ಅಲ್ಲಿ ಏನು ನಡೆಯಿತೆಂದು ನನಗಿನ್ನೂ ತಿಳಿದಿಲ್ಲ, ಏನು ನಡೆದಿದ್ದರೆ ಒಳ್ಳೆಯದಿತ್ತು ಎಂಬುದೂ ತಿಳಿಯದು. ಅದು ಅವ್ವ ಅಲ್ಲದಿದ್ದರೆ ಅವಳು ಆ ಬಸದಿಯನ್ನು ನೋಡಲೇ ಇಲ್ಲ. ಅವಳೇ ಆಗಿದ್ದರೆ, ಅಷ್ಟು ದೂರ ಬಂದವಳನ್ನು ನಾನು ಮಾತಾಡಿಸದೆ ಬಂದೆ.