ಸೇತುವೆ ಕಾಣುವ ಕೋಣೆ

ಆ ಊರಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಕಿಟಕಿಯಿಂದ ಸೇತುವೆ ಕಾಣುತ್ತಾ?" ಬಿಸಿನೀರು ಬರುತ್ತಾ, ತಿಗಣೆ ಕಾಟ ಇದೆಯಾ ಅನ್ನೋದೆಲ್ಲ ಆಮೇಲೆ. ಎರಡು ಗುಡ್ಡಗಳ ನಡುವೆ, ಬಗ್ಗಿ ನೋಡಿದರೆ ತಲೆ ಗಿರ್ರನೆ ತಿರುಗುವಷ್ಟು ಆಳದ ಹೊಳೆಯ ಮೇಲೆ ನಿಂತಿದ್ದ ಕಬ್ಬಿಣದ ಸೇತುವೆ ಅದು. ಕ್ಯಾಲೆಂಡರಿನಲ್ಲಿ ಅದರದ್ದೇ ಚಿತ್ರ, ಬಿಸ್ಕತ್ತಿನ ಡಬ್ಬದ ಮೇಲೂ ಅದೇ. ಸುತ್ತಮುತ್ತ ಹೋಟೆಲುಗಳಿಗೇನೂ ಬರವಿರಲಿಲ್ಲ. ಬಚ್ಚಲ ಕಿಟಕಿಯಿಂದ ಕತ್ತು ಹೊರಗೆ ಹಾಕಿದರೆ ಒಂದು ಕಂಬದ ತುದಿ ಕಾಣುವಂಥವು ಕೂಡ 'ಸೇತುವೆ ನೋಟ' ಅಂತ ಬೋರ್ಡು ಹಾಕಿಕೊಂಡಿದ್ದವು. ನಿಜವಾಗಿ ಸೇತುವೆಯ ಬಾಯಲ್ಲೇ ಇದ್ದದ್ದು ಮೂರು ಅಂತಸ್ತಿನ ಒಂದು ಹಳೇ ಹೋಟೆಲು. ಅದರ ಕೌಂಟರಿನಲ್ಲಿ ಕೂರುತ್ತಿದ್ದವಳು ಕೀಲಿ ಅಕ್ಕ.

ಮದುವೆಯಾದ ಹೊಸತರಲ್ಲಿ ಅವಳು ಅಲ್ಲಿಗೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಲು ಸೇರಿದ್ದು. ಒಮ್ಮೆ ಕಂಡ ಮುಖ ಮರೆಯದವಳು, ಜಗಳಗಂಟ ಗಿರಾಕಿಯನ್ನೂ ನಗಿಸಿ ಕಳಿಸುವವಳು ಅಂತ ಮಾಲೀಕರೇ ಅವಳನ್ನು ಕೆಳಗೆ ಕರೆಸಿ ಕೀಲಿಗೊಂಚಲು ಒಪ್ಪಿಸಿದರು. ಹೆಸರು ಹಾಗೇ ಅಂಟಿಕೊಂಡಿತು. ಗಂಡ ಬಸ್ಸು ಓಡಿಸುತ್ತಿದ್ದ. ದಿನವೂ ಸೇತುವೆ ದಾಟುವವನು, ದಾಟುವಾಗೆಲ್ಲ ಹೋಟೆಲಿನ ಎದುರು ಒಂದು ಹಾರನ್ ಹೊಡೆದು ಹೋಗುವವನು. ಆಗೆಲ್ಲ ಅವಳಿಗೆ ಹೆದರಿಕೆ ಅಂದರೇನು ಅಂತಲೇ ಗೊತ್ತಿರಲಿಲ್ಲ. ರಜೆಯ ಸಂಜೆ ಗಂಡನ ಜೊತೆ ಸೇತುವೆಯ ನಡುಮಧ್ಯ ನಿಂತು, ಕೆಳಗೆ ಹಾರುವ ಹಕ್ಕಿಗಳ ಬೆನ್ನು ನೋಡುತ್ತಿದ್ದಳು.

ಹೆದರಿಕೆ ಬಂದದ್ದು ಒಬ್ಬ ಹಿರಿಯರ ರೂಪದಲ್ಲಿ. ಮೃದುವಾದ ಮಾತು, ಮಿರಮಿರ ಮಿಂಚುವ ಬೂಟು, ಕೈಯಲ್ಲಿ ಚೀಲವಿಲ್ಲ. "ಸೇತುವೆ ಚೆನ್ನಾಗಿ ಕಾಣೋ ಕೋಣೆ ಕೊಡಮ್ಮ" ಅಂದರು. ಕೊಟ್ಟಳು. ಮರುದಿನ ಸೇತುವೆಯ ನಡುವೆ ಆ ಬೂಟು ಮಾತ್ರ ಸಿಕ್ಕಿ, ಪೊಲೀಸರು ಬಂದು ಆ ಕೋಣೆ ತೆರೆಸಿದಾಗ ಹಾಸಿಗೆ ಸುಕ್ಕಾಗಿರಲಿಲ್ಲ. "ನಿನ್ನದೇನು ತಪ್ಪು?" ಎಂದರು ಎಲ್ಲರೂ. ತಪ್ಪೇನೂ ಇಲ್ಲ ಅಂತ ಅವಳಿಗೂ ಗೊತ್ತಿತ್ತು. ಆದರೂ ಆ ಕೀಲಿ ಅವರ ಅಂಗೈಗೆ ಇಟ್ಟದ್ದು ಅವಳ ಕೈಯೇ ತಾನೆ?

ಅಲ್ಲಿಂದ ಅವಳು ಸೇತುವೆಗೆ ಕಾಲಿಡಲಿಲ್ಲ. ತವರಿಗೆ ಹೋಗಬೇಕಾದರೂ ಸುತ್ತು ದಾರಿಯ ಬಸ್ಸು. ಒಂಟಿಯಾಗಿ ಯಾರಾದರೂ ಬಂದು ಸೇತುವೆಯ ಎದುರಿನ ಕೋಣೆ ಕೇಳಿದರೆ ಸಾಕು, ಕಣ್ಣು ಮೊದಲು ಅವರ ಕೈಗೆ ಹೋಗುತ್ತಿತ್ತು: ಚೀಲ ಇದೆಯೋ ಇಲ್ಲವೋ. ಒಮ್ಮೆ ಸೋಪು ಮಾರುವ ಏಜೆಂಟನೊಬ್ಬ ಬರಿಗೈಯಲ್ಲಿ ಬಂದ. ಕೀಲಿ ಅಕ್ಕ ಅವನ ಬಾಗಿಲು ಬಡಿದು ಒಂದು ಸಲ ಚಹಾ ಕೊಟ್ಟಳು, ಒಂದು ಸಲ ಟವೆಲು, ಮತ್ತೊಂದು ಸಲ ಸುಮ್ಮನೆ "ಸೊಳ್ಳೆ ಇದೆಯಾ ಅಂತ ನೋಡೋಕೆ ಬಂದೆ" ಅಂದಳು. ಅವನು ರೇಗಿ ಕೆಳಗಿಳಿದು, "ನನ್ನ ಪೆಟ್ಟಿಗೆ ಬಸ್ಸಲ್ಲಿ ಕಳೆದುಹೋಗಿದೆ ಸ್ವಾಮಿ, ಇಲ್ಲಿ ನಿದ್ದೇನೂ ಕಳೀತಿದ್ದಾರೆ!" ಅಂತ ಮಾಲೀಕರ ಮುಂದೆ ಕೂಗಾಡಿದ. ಗಂಡ ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಆದರೆ ಮುಂದಿನ ಒಂಟಿ ಗಿರಾಕಿ ಬಾಗಿಲು ತಳ್ಳಿದಾಗ ಕಣ್ಣು ಮತ್ತೆ ಮೊದಲು ಕೈಗೇ ಹೋಯಿತು.

ಹಾಗೆ ಒಂಟಿಯಾಗಿ ಒಬ್ಬ ಹೆಂಗಸು ಬಂದದ್ದು ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ. ನಲವತ್ತರ ಆಸುಪಾಸು, ಕಣ್ಣು ಊದಿಕೊಂಡಿತ್ತು. ತೋಳಿಗೆ ಒಂದು ಪುಟ್ಟ ಕೈಚೀಲ, ಅಷ್ಟೇ.

"ಸೇತುವೆ ಕಾಣೋ ಕೋಣೆ ಇದೆಯಾ?"

ಕೀಲಿ ಅಕ್ಕ ಕೀಲಿಗಳ ಹಲಗೆಗೆ ಅಡ್ಡ ನಿಂತಳು. "ಎದುರು ಕೋಣೆ ಎಲ್ಲಾ ತುಂಬಿವೆ ಕಣಮ್ಮ. ಹಿಂದುಗಡೆದು ಕೊಡ್ತೀನಿ, ಗದ್ದಲ ಇಲ್ಲ, ಒಳ್ಳೆ ನಿದ್ದೆ ಬರುತ್ತೆ."

"ನಿದ್ದೆ ಮಾಡೋಕೆ ಬಂದಿಲ್ಲ ನಾನು. ಇಲ್ಲದಿದ್ರೆ ಬಿಡಿ, ಬೇರೆ ಹೋಟೆಲ್ ನೋಡ್ಕೋತೀನಿ."

ಬೇರೆ ಕಡೆ ಹೋದರೆ ಕಣ್ಣಳತೆಯಲ್ಲೂ ಇರುವುದಿಲ್ಲವಲ್ಲ! "ತಡೀರಿ, ತಡೀರಿ. ಒಂದು ಇದೆ, ಮರೆತೇಬಿಟ್ಟಿದ್ದೆ" ಅಂತ ಮೊದಲ ಮಹಡಿಯ ಕೀಲಿ ತೆಗೆದಳು. ಆ ಕೋಣೆಯ ಕಿಟಕಿ ಬಣ್ಣ ಬಳಿದು ಬಳಿದು ಅಂಟಿಕೊಂಡು, ಪೂರ್ತಿ ತೆರೆಯುತ್ತಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ನೀರಿನ ಜಗ್ಗು ಹಿಡಿದುಕೊಂಡು ಮೇಲೆ ಹೋದಳು. ಹೆಂಗಸು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು, ಚೀಲ ಮಡಿಲಲ್ಲೇ ಇಟ್ಟುಕೊಂಡು, ಗಾಜಿಗೆ ಹಣೆ ಒತ್ತಿ ಕೂತಿದ್ದಳು. "ಇಲ್ಲಿಂದ ಕೆಳಗಡೆ ಕಾಣಲ್ಲ ಅಲ್ವಾ?" ಎಂದಳು, ತಿರುಗಿಯೂ ನೋಡದೆ. ಕೀಲಿ ಅಕ್ಕ ಜಗ್ಗನ್ನು ಬಾಗಿಲಲ್ಲೇ ಇಟ್ಟು ಹಿಂದಿರುಗಿದಳು.

ಕೆಳಗೆ ಬಂದು ಮಾಲೀಕರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಸೋಪಿನ ಏಜೆಂಟು ಇನ್ನೂ ಎಲ್ಲರ ಹತ್ರ ನಮ್ಮನ್ನ ಬೈಕೊಂಡು ತಿರುಗ್ತಿದ್ದಾನೆ. ಇವರನ್ನಾದರೂ ನೆಮ್ಮದಿಯಾಗಿರೋಕೆ ಬಿಡು."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಹೆಂಗಸು ಕೀಲಿಯನ್ನು ಕೌಂಟರಿನ ಮೇಲಿಟ್ಟು, "ನಾನು ಹೋಗ್ತೀನಿ" ಅಂದಳು. ಹೋಗಿ ಬರ್ತೀನಿ ಅನ್ನಲಿಲ್ಲ. ಹೋಗ್ತೀನಿ ಅಂದಳು. ಗಾಜಿನ ಬಾಗಿಲಾಚೆ ಆ ಹೆಂಗಸು ಎಡಕ್ಕೆ, ಸೇತುವೆಯ ಕಡೆಗೇ ತಿರುಗಿದಳು.

ಕೌಂಟರು ಬಿಟ್ಟು ಓಡಿದಳು ಕೀಲಿ ಅಕ್ಕ. ಸೇತುವೆಯ ಮೊದಲ ಕಂಬದ ಹತ್ತಿರ ಕಾಲು ತಾನಾಗಿ ನಿಂತುಬಿಟ್ಟಿತು. ಎಷ್ಟೋ ವರ್ಷ ದೂರವಿಟ್ಟ ಜಾಗ. ಲಾರಿಯೊಂದು ಹೋದರೆ ಕಬ್ಬಿಣವೆಲ್ಲ ಗಡಗಡ ಅಂದು ಆ ನಡುಕ ಅಂಗಾಲಿನಿಂದ ಹಲ್ಲಿನವರೆಗೂ ಏರಿತು. ಮುಂದೆ ಆ ಹೆಂಗಸು ತಲೆ ತಗ್ಗಿಸಿಕೊಂಡು ನಡೆಯುತ್ತಲೇ ಇದ್ದಳು. ಕೀಲಿ ಅಕ್ಕ ಕಂಬಿಗೆ ಕೈ ತಾಗಿಸದೆ, ಹೊಳೆಯ ಕಡೆ ನೋಡದೆ, ಅವಳ ಬೆನ್ನನ್ನೇ ನೋಡುತ್ತ ಹೆಜ್ಜೆ ಹಾಕಿದಳು. ಕರೆದರೆ ಎಲ್ಲಿ ಹಾರಿಬಿಡುತ್ತಾಳೋ ಅಂತ ಕರೆಯಲಿಲ್ಲ. ನಡುಮಧ್ಯಕ್ಕೆ ಬಂದದ್ದೇ ಹೆಂಗಸು ನಿಂತಳು, ಚೀಲ ಕೆಳಗಿಟ್ಟಳು, ಕಂಬಿಯ ಮೇಲೆ ಹೊಟ್ಟೆ ಒತ್ತಿ ಬಗ್ಗಿದಳು.

ಕೀಲಿ ಅಕ್ಕ ಹಾರಿ ಹೋಗಿ ಅವಳ ಸೊಂಟ ತಬ್ಬಿ ಹಿಂದಕ್ಕೆಳೆದಳು.

"ಅಯ್ಯೋ, ಬಿಡ್ರೀ! ಯಾರ್ರೀ ಇದು?"

"ಬೇಡ ತಾಯಿ, ಬೇಡ. ಏನೇ ಕಷ್ಟ ಇರಲಿ, ಕೂತು ಮಾತಾಡೋಣ. ಮನೇಲಿ ಯಾರಿದ್ದಾರೆ ಹೇಳು, ಗಂಡ ಎಲ್ಲಿದ್ದಾರೆ?"

"ಕೆಳಗಿದ್ದಾರೆ!"

ಕೀಲಿ ಅಕ್ಕ ಹಿಡಿತ ಇನ್ನೂ ಬಿಗಿ ಮಾಡಿದಳು. ಹಾಗಾದರೆ ಅವನು ಆಗಲೇ…

"ಕೆಳಗೆ ನೋಡ್ರೀ, ಬಣ್ಣ ಹೊಡೀತಿದ್ದಾರೆ!"

ಒಂದು ಕಣ್ಣು ಮುಚ್ಚಿಕೊಂಡು ಕೀಲಿ ಅಕ್ಕ ಬಗ್ಗಿ ನೋಡಿದಳು. ಸೇತುವೆಯ ಹೊಟ್ಟೆಯ ಕೆಳಗೆ, ಎರಡು ಹಗ್ಗಗಳಿಗೆ ನೇತುಬಿದ್ದ ಹಲಗೆಯ ಮೇಲೆ ಇಬ್ಬರು ಗಂಡಸರು ಕಾಲು ಇಳಿಬಿಟ್ಟು ಕೂತು ಬಣ್ಣ ಬಳಿಯುತ್ತಿದ್ದರು. ಅವರ ಚಪ್ಪಲಿಯ ಕೆಳಗೆ ಬರೀ ಗಾಳಿ, ಅದರ ಕೆಳಗೆ ಹೊಳೆ.

ಹೆಂಗಸು ಪಿಸುಗುಟ್ಟಿದಳು. "ಕಂಬಿಗೆ ಬಣ್ಣ ಹೊಡೆಯೋ ಕೆಲಸ, ರಸ್ತೆ ಮೇಲೆ ನಿಂತ್ಕೊಂಡೇ ಅಂತ ಹೇಳಿದ್ರು. ಮೊನ್ನೆ ಸ್ನಾನಕ್ಕೆ ನೀರು ಕೊಡೋವಾಗ ನೋಡ್ತೀನಿ, ಸೊಂಟದ ಸುತ್ತ ಹಗ್ಗಕ್ಕೆ ನೇತುಹಾಕೋ ಬೆಲ್ಟಿನ ಬರೆ. ಅವತ್ತಿಂದ ನನಗೆ ನಿದ್ದೆ ಇಲ್ಲ. ಹೇಳದೆ ಬಂದೆ. ನಾನು ನೋಡ್ತಿದ್ದೀನಿ ಅಂತ ಗೊತ್ತಾದ್ರೆ ಅವರ ಕೈ ನಡುಗುತ್ತೆ. ಕೋಣೆಯಿಂದ ಕಾಣುತ್ತೆ ಅಂದ್ಕೊಂಡೆ, ಕಾಣಲಿಲ್ಲ."

ಕೀಲಿ ಅಕ್ಕನಿಗೆ ನಗು ಬಂತೋ ಅಳು ಬಂತೋ, ಅದನ್ನು ವಿಚಾರಿಸಲು ಪುರುಸೊತ್ತಾಗಲಿಲ್ಲ. ಗುಡ್ಡದ ಸಂದಿಯಿಂದ ಗಾಳಿ ಒಮ್ಮೆಲೇ ನುಗ್ಗಿತು. ಹಲಗೆ ಉಯ್ಯಾಲೆಯಂತೆ ತೂಗಿತು. ಒಂದು ತುದಿಯ ಹಗ್ಗ ಸರ್ರನೆ ಜಾರಿ ಹಲಗೆ ಓರೆಯಾಯಿತು. ಬಣ್ಣದ ಬಕೆಟ್ಟು ಕಳಚಿ ಬಿತ್ತು. ಬೀಳುತ್ತಲೇ ಇತ್ತು, ಬೀಳುತ್ತಲೇ ಇತ್ತು. ನೀರಿಗೆ ತಾಗಿದ ಸದ್ದು ಕೇಳಿಸಲೇ ಇಲ್ಲ. ಒಬ್ಬ ಹಗ್ಗ ಅಪ್ಪಿಕೊಂಡ. ಇನ್ನೊಬ್ಬ, ಆ ಹೆಂಗಸಿನ ಗಂಡ, ಹಲಗೆಯಿಂದ ಜಾರಿ ಸೊಂಟದ ಬೆಲ್ಟಿನ ಮೇಲೆ ನೇತಾಡಿದ.

ಹೆಂಡತಿಯ ಬಾಯಿ ತೆರೆಯಿತು. ಕೂಗು ಹೊರಬೀಳುವ ಮೊದಲೇ ಕೀಲಿ ಅಕ್ಕ ಅಂಗೈಯಿಂದ ಆ ಬಾಯಿ ಮುಚ್ಚಿದಳು. "ಕೂಗ್ಬೇಡ. ಅವನು ಮೇಲೆ ನೋಡಬಾರದು. ಕೂಗ್ಬೇಡ" ಎಂದು ಅವಳ ಕಿವಿಯಲ್ಲೇ ಹೇಳುತ್ತ ನಿಂತಳು. ಆ ಹೆಂಗಸಿನ ಹಲ್ಲು ಕೀಲಿ ಅಕ್ಕನ ಅಂಗೈಗೆ ನಾಟಿತು. ಸೇತುವೆಯ ಮೇಲೆ ಆ ಬದಿಯಲ್ಲಿ ಹಗ್ಗ ಕಾಯುತ್ತಿದ್ದ ಕೆಲಸಗಾರರು "ಎಳೀರೋ, ಎಳೀರೋ" ಅನ್ನುತ್ತ ಹಗ್ಗಕ್ಕೆ ಬಿದ್ದಿದ್ದರು. ಕೀಲಿ ಅಕ್ಕ ಈ ಸಲ ಕಣ್ಣು ಮುಚ್ಚಲಿಲ್ಲ. ನೇತಾಡುತ್ತಿದ್ದ ಆ ದೇಹ ಗಿರ್ರನೆ ಒಂದು ಸುತ್ತು ಸುತ್ತಿತು, ಕಂಬಕ್ಕೆ ಬಡಿಯಿತು, ಮತ್ತೆ ಸುತ್ತಿತು, ಇಷ್ಟಿಷ್ಟೇ ಮೇಲಕ್ಕೆ ಬಂತು. ಕೊನೆಗೆ ಬಣ್ಣ ಮೆತ್ತಿದ ಎರಡು ಕೈ ಕಂಬಿ ಹಿಡಿದವು. ಹಗ್ಗ ಅಪ್ಪಿದ್ದವನನ್ನೂ ಅವನ ಹಿಂದೆಯೇ ಎಳೆದುಕೊಂಡರು.

ರಸ್ತೆಯ ಮೇಲೆ ಕುಸಿದು ಕೂತ ಅವನಿಗೆ ಮೊದಲು ಕಂಡದ್ದು ಹೆಂಡತಿ. "ನೀನಿಲ್ಲಿ ಏನೇ ಮಾಡ್ತಿದ್ದೀಯ?"

"ಕಂಬಿಗೆ ಬಣ್ಣ ಹೊಡೀತೀನಿ ಅಂದಿದ್ರಲ್ಲ?"

"ಅದೂ ಕಂಬೀನೇ ಕಣೇ… ಸ್ವಲ್ಪ ಕೆಳಗಿದೆ, ಅಷ್ಟೇ" ಅಂದ. ಅಂದವನೇ ಮಂಡಿಯ ನಡುವೆ ಮುಖ ಹುದುಗಿಸಿ ಬಿಕ್ಕಿದ. ಅವಳು ಬಯ್ಯಲಿಲ್ಲ. ಅವನ ಕೂದಲಿಗೆ ಅಂಟಿದ್ದ ಬಣ್ಣ ಉಗುರಿನಿಂದ ಬಿಡಿಸುತ್ತ ಕೂತಳು.

ಪಕ್ಕೆಲುಬು ಬಿರುಕು ಬಿಟ್ಟಿತ್ತು, ಜೀವಕ್ಕೇನೂ ಆಗಲಿಲ್ಲ. ಗಾಯ ಮಾಗಿದ ಮೇಲೆ ಅವನು ಮತ್ತೆ ಆ ಕೆಲಸಕ್ಕೇ ಹೋದ. ಬೇರೆ ಕೆಲಸ ಸಿಗಲಿಲ್ಲ. ಇಳಿಯಬೇಡಿ ಅಂತ ಹೆಂಡತಿ ತಡೆಯಲಿಲ್ಲ. "ಇಳಿಯೋ ದಿನ ಹೇಳಿ ಇಳೀರಿ, ಸುಳ್ಳು ಮಾತ್ರ ಬೇಡ" ಅಂದಳಂತೆ.

ಕೀಲಿ ಅಕ್ಕನ ಅಂಗೈಗೆ ಆ ಸಂಜೆ ಗಂಡ ಔಷಧಿ ಹಚ್ಚಿದ. "ಗಿರಾಕಿಗಳು ಬಯ್ಯೋದು ಗೊತ್ತಿತ್ತು, ಕಚ್ಚೋದನ್ನ ಇವತ್ತೇ ಕೇಳಿದ್ದು" ಅಂದ. ಅವಳಿಗೆ ನಗಲಾಗಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಇಷ್ಟು ದಿನ ಸೇತುವೆಯ ಮೇಲಿನವರ ಚಿಂತೆ ಒಂದೇ ಇತ್ತು, ಈಗ ಕೆಳಗಿನವರದ್ದೂ ಸೇರಿಕೊಂಡಿತು. ಆದರೆ ಚಹಾ, ಟವೆಲು ಅಂತ ನೆಪ ಹೂಡಿ ಬಾಗಿಲು ಬಡಿಯುವುದನ್ನು ಬಿಟ್ಟಳು. ಅನುಮಾನ ಬಂದರೆ ಬಾಯಿಬಿಟ್ಟು ಕೇಳಿಬಿಡುತ್ತಿದ್ದಳು. ಹೆಚ್ಚಿನವರು ನಕ್ಕರು, ಕೆಲವರು ಸಿಟ್ಟಾದರು.

ಮರುವರ್ಷದ ಒಂದು ಮಧ್ಯಾಹ್ನ, ಕಾಲೇಜಿನ ವಯಸ್ಸಿನ ಹುಡುಗಿಯೊಬ್ಬಳು ಬಂದು ಎದುರು ಕೋಣೆ ಕೇಳಿದಳು. ಕೀಲಿ ಅಕ್ಕ ಅವಳ ಮುಖ ನೋಡಿ, ದನಿ ತಗ್ಗಿಸಿ ಕೇಳಿದಳು: "ಸೇತುವೆ ನೋಡೋಕೆ ಬಂದೆಯಾ ಮಗಳೇ, ಇಲ್ಲಾ ಸಾಯೋಕಾ?"

ಹುಡುಗಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೌಂಟರಿನ ಅಂಚು ಹಿಡಿದು ಅಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ಸೋದರತ್ತೆಯ ಫೋನ್ ನಂಬರು ಹೇಳಿದಳು. ಅತ್ತೆ ಓಡೋಡಿ ಬಂದು ಕರೆದುಕೊಂಡು ಹೋಗುವವರೆಗೂ ಕೀಲಿ ಅಕ್ಕ ಅವಳ ಮಗ್ಗುಲು ಬಿಟ್ಟು ಏಳಲಿಲ್ಲ, ಬುದ್ಧಿಮಾತೂ ಹೇಳಲಿಲ್ಲ. ಅವರಿಬ್ಬರೂ ಬಸ್ಸು ಹತ್ತಿದ ಮೇಲೆ ಕೀಲಿ ಅಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು, ಮಾಲೀಕರೇ ಎದ್ದು ಬಂದು ಕೌಂಟರಿನಲ್ಲಿ ಕೂತರು.