ಕೆಂಪಿನ ಬೆನ್ನು ಹತ್ತಿದ ಮೇಷ್ಟ್ರು

ಮಾಗಡಿಯ ಅನಂತರಾಜು ಮೇಷ್ಟ್ರಿಗೆ ಜರ್ಮನ್ ಭಾಷೆಯಲ್ಲಿ ಒಂದೇ ಒಂದು ಗುಣವಾಚಕ ಪೂರ್ತಿಯಾಗಿ ಗೊತ್ತಿತ್ತು. ಅದು ರೋಟ್, ಅಂದರೆ ಕೆಂಪು. ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ; ಹೊರದೇಶದ ಭಾಷೆ ಬಂದವನಿಗೆ ಬೆಲೆ ಎಂದು ಯಾರೋ ಕಿವಿಯೂದಿದ್ದರು. ಆರು ತಿಂಗಳು ಭಾನುವಾರ ಭಾನುವಾರ ಜರ್ಮನ್ ಕಲಿಯಲು ಬೆಂಗಳೂರಿನ ಬಸ್ಸು ಹತ್ತಿದ ಮೇಷ್ಟ್ರು, ಗುಣವಾಚಕದ ಪಾಠಕ್ಕೆ ಬಂದವರು ಅಲ್ಲೇ ಬೀಡುಬಿಟ್ಟರು.

ಬಿಡದೆ ಏನು ಮಾಡುತ್ತಾರೆ? ನಮ್ಮ ಕೆಂಪು ಬುಗುರಿ ಎಲ್ಲಿ ಕೂತರೂ ಕೆಂಪು ಬುಗುರಿಯೇ. ಜರ್ಮನರ ರೋಟ್ ಹಾಗಲ್ಲ. ಗಂಡೋ ಹೆಣ್ಣೋ, ಯಾವ ವಿಭಕ್ತಿಯೋ, ಮುಂದೆ ನಿಂತವರು ಯಾರೋ ಎಂದು ನೋಡಿಕೊಂಡು, ಸಾಹೇಬರೆದುರಿನ ಗುಮಾಸ್ತನ ಹಾಗೆ ಬಾಲ ಬದಲಿಸುತ್ತದೆ: ರೋಟರ್, ರೋಟೆ, ರೋಟೆಸ್, ರೋಟೆನ್. ಇಂಗ್ಲಿಷಿನ ರೆಡ್ಡು, ಸಂಸ್ಕೃತದ ರುಧಿರ ಎಲ್ಲ ಇದಕ್ಕೆ ದಾಯಾದಿಗಳು ಎಂದು ತಿಳಿದ ದಿನ ಮೇಷ್ಟ್ರು ಊಟವನ್ನೇ ಮರೆತರು.

ಅವರ ಪುಣ್ಯಕ್ಕೆ ಚನ್ನಪಟ್ಟಣದ ಬೊಂಬೆ ವ್ಯಾಪಾರಿ ಶರೀಫ್ ಸಾಹೇಬರ ಶೆಡ್ಡಿಗೆ ಬುಗುರಿ ಕೊಳ್ಳಲು ಜರ್ಮನ್ ಹೆಂಗಸೊಬ್ಬಳು ಬರುವುದಾಯಿತು.

"ಮೇಷ್ಟ್ರೇ, ಮಾತುಕತೆ ಸರಿಯಾಗಿ ನಡೆಸ್ಕೊಡಿ. ಆಮೇಲೆ ನಮ್ಗೆ ನೀವೇ ಖಾಯಂ ದುಭಾಷಿ," ಎಂದರು ಸಾಹೇಬರು. ಮೇಷ್ಟ್ರು ಅಂದೇ ಹೊಸ ಕೋಟು ಹೊಲಿಸಲು ಹಾಕಿದರು.

ಆಕೆ ಬಂದ ದಿನ, ಶೆಡ್ಡಿನ ಕೆಲಸದ ಖತೀಜಾ ಯಂತ್ರದಲ್ಲಿ ತಿರುಗುವ ಮರದ ಬುಗುರಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಕೆಂಪು ಹತ್ತಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತಂದಳು. ಹೆಂಗಸು ಬುಗುರಿ ಎತ್ತಿಕೊಂಡು ಮೇಷ್ಟ್ರನ್ನು ಕೇಳಿದಳು: ಮಗು ಬಾಯಿಗಿಟ್ಟರೆ ಈ ಕೆಂಪಿನಿಂದ ತೊಂದರೆಯಿಲ್ಲವೇ?

ಪ್ರಶ್ನೆಯೇನೋ ಮೇಷ್ಟ್ರಿಗೆ ಅರ್ಥವಾಯಿತು. ಆದರೆ ಅದರಲ್ಲಿ ಕೆಂಪು ಬಂದಿತ್ತಲ್ಲ. ಮೊದಲು ಅದನ್ನು ಮುಗಿಸೋಣವೆಂದು ಪದದ ಬೇರಿನಿಂದಲೇ ಶುರುಮಾಡಿದರು. ರುಧಿರ ದಾಟಿ ವಿಭಕ್ತಿಗೆ ಬರುವಷ್ಟರಲ್ಲಿ ಹೆಂಗಸು ಬುಗುರಿ ಕೆಳಗಿಟ್ಟು ಚೀಲ ಹೆಗಲಿಗೇರಿಸಿದಳು.

"ಆಯಮ್ಮ ಏನ್ ಕೇಳ್ತಾವ್ರೆ, ಮೇಷ್ಟ್ರೇ?" ಎಂದಳು ಖತೀಜಾ.

"ಒಸಿ ತಡಿಯಮ್ಮ, ಇನ್ನೂ ಎರಡು ವಿಭಕ್ತಿ ಐತೆ."

ಹೆಂಗಸು ತಾನೇ ಖತೀಜಾಳ ಕಡೆ ತಿರುಗಿ, ಕೈಯಲ್ಲಿ ಮಗು ತೂಗಿದಂತೆ ಮಾಡಿ, ಬುಗುರಿಯನ್ನೂ ಬಾಯನ್ನೂ ತೋರಿಸಿದಳು. ಬಣ್ಣ ಕಲಸಿದವಳೇ ಖತೀಜಾ. ಬುಗುರಿಯನ್ನು ಬಾಯಿಗಿಟ್ಟು ಕಚ್ಚಿ, ಚೆನ್ನಾಗಿ ಚೀಪಿ, ತನ್ನ ಬಿಳಿ ದುಪಟ್ಟಾಕ್ಕೆ ಉಜ್ಜಿ ತೋರಿಸಿದಳು. ಬಟ್ಟೆ ಬೆಳ್ಳಗೇ ಇತ್ತು. ಹೆಂಗಸು ನಕ್ಕು, ಮೂರು ಸಾವಿರ ಬುಗುರಿ ಬೇಕೆಂದು ಬರೆದುಕೊಟ್ಟು ಹೋದಳು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ," ಎಂದರು ಸಾಹೇಬರು. "ಇನ್ಮೇಲೆ ಖತೀಜಾನೇ ಮಾತಾಡ್ಲಿ."

"ಅವಳಿಗೆ ಜರ್ಮನ್ ಎಲ್ಲಿ ಬತ್ತದೆ, ಸಾಹೇಬ್ರೇ?"

"ಹಲ್ಲೈತಲ್ಲ."