ತೊಳೆಯುವ ಮುಂಚಿನ ಬಣ್ಣ

ಲಾರಿಯೊಂದು ಹಿಂದಕ್ಕೆ ಬರುವ ಸದ್ದು ಕೇಳಿದರೆ ಈಗಲೂ ನನ್ನ ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದರೂ ಅಷ್ಟೆ.

ನಾನು ಗಣಿ ಕಚೇರಿಯೊಂದರಲ್ಲಿ ಕೆಲಸ ಮಾಡುವವಳು. ಸಂಡೂರಿನ ಹತ್ತಿರದ ಯಶವಂತನಗರದಲ್ಲಿ ಕಂಪನಿ ಬಸ್ಸಿಗೆ ಕಾಯುವ ಸ್ಟಾಪಿನಲ್ಲಿ ಒಂದು ನಾಯಿ ಮಲಗಿರುತ್ತಿತ್ತು. ಅದಿರಿನ ಧೂಳು ಮೆತ್ತಿ ಮೂಗಿನಿಂದ ಬಾಲದವರೆಗೂ ಕೆಂಪು. ನನ್ನ ಡಬ್ಬಿಯಲ್ಲಿ ಉಳಿದ ಅರ್ಧ ರೊಟ್ಟಿ ಅದರ ಪಾಲು. ಅವತ್ತು ಬಸ್ಸು ಬರುವ ಕಡೆಗೇ ನೋಡುತ್ತ ನಿಂತಿದ್ದೆ. ಅಷ್ಟೊಂದು ಲಾರಿಗಳ ಸದ್ದಿನಲ್ಲಿ ಒಂದು ಹಿಂದಕ್ಕೆ ಸರಿಯುತ್ತ ನನ್ನ ಬೆನ್ನಿಗೇ ಬರುತ್ತಿರುವುದು ತಿಳಿಯಲಿಲ್ಲ. ನಾಯಿ ಎದ್ದು ಮೈಮೇಲೆ ಏರಿಬಂದಂತೆ ಬೊಗಳಿತು. ಬೈಯುತ್ತ ಪಕ್ಕಕ್ಕೆ ಹಾರಿದೆ. ನಾನು ನಿಂತಿದ್ದ ಜಾಗಕ್ಕೆ ಗಾಲಿ ಹತ್ತಿತು. ನಾಯಿಯ ಹಿಂಗಾಲು ಅದರಡಿ ಸಿಕ್ಕಿತು. ಅದು ನನಗಾಗಿ ಬೊಗಳಿತೋ, ಲಾರಿಗೆ ಬೊಗಳಿತೋ, ಇವತ್ತಿಗೂ ಯೋಚಿಸುತ್ತೇನೆ.

ಯಾರೋ ಫೋನ್ ಮಾಡಿದರು. ಹೊಸಪೇಟೆಯ ಹೊರಗೆ ಪ್ರಾಣಿಗಳನ್ನು ಇಟ್ಟು ಸಾಕುವ ಆಶ್ರಯದ ಗಾಡಿ ಬಂದು ಅದನ್ನು ಒಯ್ದಿತು. ನಾನು ಜ್ವರ ಬಂದು ಮಲಗಿ, ಎದ್ದು ಅಲ್ಲಿಗೆ ಹೋಗುವಷ್ಟರಲ್ಲಿ ವಾರಗಳೇ ಉರುಳಿದ್ದವು.

"ಎಂಥಾ ನಾಯಿರೀ?" ಆಶ್ರಯ ನೋಡಿಕೊಳ್ಳುವ ಅಕ್ಕ ಕೇಳಿದರು.

"ಕೆಂಪು."

ಅವರು ನಕ್ಕರು. "ಆ ಕಡಿಂದ ಬರೋವೆಲ್ಲ ಕೆಂಪರೀ ಮೇಡಂ. ನೀವೇನು ಕಮ್ಮಿ? ನಿಮ್ಮ ದುಪಟ್ಟಾ ನೋಡ್ಕೊಳ್ರಿ."

ಪುಸ್ತಕ ತೆರೆದರು. ಸಂಡೂರು ಕಡೆಯ ಪ್ರತಿ ನಾಯಿಯ ಮುಂದೆಯೂ ಕೆಂಪು, ಕೆಂಪು, ಕೆಂಪು. ಗಾಡಿಯಿಂದ ಇಳಿಸಿದ ಕೂಡಲೇ ಬರೆದು ಆಮೇಲೆ ತೊಳೆಯುತ್ತಿದ್ದರು. ಅಂಗಳದಲ್ಲಿ ಬಿಳಿ, ಕಪ್ಪು, ಹಂಡಬಂಡ ನಾಯಿಗಳು ಓಡಾಡುತ್ತಿದ್ದವು. ಕೆಂಪನೆಯದು ಒಂದೂ ಇರಲಿಲ್ಲ. ಪುಸ್ತಕದಲ್ಲಿ 'ಸಿಕ್ಕ ಜಾಗ' ಎಂಬುದರ ಕೆಳಗೂ ಬರೀ 'ಸಂಡೂರು ಕಡೆ'.

"ಕುಂಟ್ತಿರಬೇಕ್ರೀ ಅದು."

"ಅಂಥಾವು ಭಾಳ. ಒಂದಿಷ್ಟು ಆ ಕಡೀನ ಬಂಡ್ರಿ ಊರ ಹತ್ರ ಬಿಟ್ಟೀವಿ, ಒಂದಿಷ್ಟು ಯಾರ್ಯಾರೋ ಸಾಕಾಕ ಒಯ್ದಾರ."

"ಬರ್ಕೊಂಡಿಲ್ಲೇನ್ರೀ?"

"ಇರೋದು ಎರಡು ಕೈ. ಗಾಯ ತೊಳೀಲೋ, ಬರೀಲೋ?"

ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡೆ. ಭಾನುವಾರಗಳಲ್ಲಿ ಬರೆಯುವ ಕೆಲಸ ನನ್ನದಾಯಿತು. ಮೊದಲು ಸ್ನಾನ, ಆಮೇಲೆ ಬಣ್ಣ. ಕಿವಿಯ ಗುರುತು, ಫೋಟೊ, ಯಾವ ಸ್ಟಾಪು, ಯಾವ ತಿರುವು, ಕೊನೆಗೆ ಎಲ್ಲಿಗೆ ಹೋಯಿತು. ಕೂಡಿಸಿ ನೋಡಿದರೆ ಗಾಯವಾದ ನಾಯಿಗಳ ಪಟ್ಟಿಯಲ್ಲಿ ನನ್ನ ಸ್ಟಾಪೇ ಮತ್ತೆ ಮತ್ತೆ ಬರುತ್ತಿತ್ತು. ಆ ಹಾಳೆ ಹಿಡಿದು ನಮ್ಮ ಕಚೇರಿಯ ಮ್ಯಾನೇಜರ್ ಮುಂದೆ ಹೋಗಿ ಕೂತ ಮೇಲೆ ಈಗ ಅಲ್ಲಿ ಲಾರಿ ಹಿಂದಕ್ಕೆ ಬರುವಾಗ ಒಬ್ಬ ಸಿಳ್ಳೆ ಊದುತ್ತ ನಿಲ್ಲುತ್ತಾನೆ. ಕಂಪ್ಲಿಯಿಂದ ಬಂದ ಅಜ್ಜ ಒಬ್ಬರು ಫೋಟೊ ನೋಡಿ, "ಲೇ, ಇಲ್ಲಿ ಅದೀಯೇನಲೇ!" ಎಂದು ಕೂಗಿ ತಮ್ಮ ನಾಯಿಯನ್ನು ಆಟೊದಲ್ಲಿ ಕೂರಿಸಿಕೊಂಡು ಹೋದರು. ಆಟೊ ಮರೆಯಾಗುವ ತನಕ ಗೇಟಿನಲ್ಲೇ ನಿಂತಿದ್ದೆ.

ನನ್ನ ನಾಯಿಯ ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ. ಧೂಳಿಲ್ಲದೆ ಅದನ್ನು ಎಂದೂ ಕಂಡವಳಲ್ಲ. ತೊಳೆದು ಮುಂದೆ ನಿಲ್ಲಿಸಿದರೆ ಗುರುತು ಹಿಡಿಯಲಾರೆ. ಬಂಡ್ರಿ ಕಡೆ ಬಿಟ್ಟವು ಮತ್ತೆ ಕೆಂಪಾಗಿ ಗಾಡಿಯಲ್ಲಿ ಬರುವುದುಂಟು.

ಸಂಡೂರು ಕಡೆಯ ಗಾಡಿ ಬಂದಾಗ ಅಕ್ಕ ಪೈಪು ಹಿಡಿದು, ನೀರು ಬಿಡದೆ ನಿಲ್ಲುತ್ತಾರೆ.

"ಜಲ್ದಿ ನೋಡ್ರಿ ಮೇಡಂ."

ಕೆಂಪು ಮುಖಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಡಬ್ಬಿ ಬಿಚ್ಚುತ್ತೇನೆ. ಅರ್ಧ ರೊಟ್ಟಿ ಇಟ್ಟುಕೊಂಡೇ ಬಂದಿರುತ್ತೇನೆ.